ಮೂರೇ ಗುಣಾಕಾರ ಸಾಕು

ಶಾಲೆಯ ಗುಣಾಕಾರದಲ್ಲಿ ಮೇಲಿನ ಪ್ರತಿ ಅಂಕಿಯನ್ನೂ ಕೆಳಗಿನ ಪ್ರತಿ ಅಂಕಿಯಿಂದ ಗುಣಿಸಬೇಕು. ಅಂಕಿಗಳು ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು. ಸಾವಿರಾರು ವರ್ಷ ಬಳಸಿದರೂ ಇದಕ್ಕಿಂತ ಚುರುಕಾದ ದಾರಿ ಸಿಗಲಿಲ್ಲವೆಂದರೆ ಅಂಥದ್ದು ಇರಲಾರದು ಎಂದು ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ ನಂಬಿದ್ದರು. 1960ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಗೋಷ್ಠಿಯೊಂದರಲ್ಲಿ ಅವರು ಹಾಗೆಂದ ವಾರದೊಳಗೆ, 23 ವರ್ಷದ ಅನತೋಲಿ ಕರತ್ಸುಬಾ ಆ ನಂಬಿಕೆಯನ್ನು ಮುರಿದರು.

ಅವರ ಉಪಾಯ ಬೆರಗಾಗುವಷ್ಟು ಸರಳ. 47ನ್ನು 86ರಿಂದ ಗುಣಿಸಬೇಕೆನ್ನಿ. 4×8=32, 7×6=42. ಬಳಿಕ ಪ್ರತಿ ಸಂಖ್ಯೆಯ ಅಂಕಿಗಳನ್ನು ಕೂಡಿ 11×14=154 ಮಾಡಿ, ಅದರಿಂದ 32 ಮತ್ತು 42ನ್ನು ಕಳೆದರೆ 80. ಈಗ ಸ್ಥಾನಬೆಲೆಗೆ ತಕ್ಕಂತೆ 3200, 800, 42 ಕೂಡಿದರೆ 4042. ನಾಲ್ಕು ಗುಣಾಕಾರದ ಜಾಗದಲ್ಲಿ ಮೂರು! ಉಳಿತಾಯ ಇಲ್ಲಿ ಅಲ್ಪ. ಆದರೆ 1024 ಅಂಕಿಗಳ ಸಂಖ್ಯೆಗಳನ್ನು ಹೀಗೇ ಅರ್ಧರ್ಧವಾಗಿ ಒಡೆಯುತ್ತ ಹೋದರೆ, ಹತ್ತು ಲಕ್ಷ ದಾಟುವ ಬಿಡಿ ಗುಣಾಕಾರಗಳು ಸುಮಾರು 59,000ಕ್ಕೆ ಇಳಿಯುತ್ತವೆ.

ಇದೇ ದಾರಿಯಲ್ಲಿ ಮುಂದೆ ಸಾಗಿದವರು ಹಲವರು. 1971ರಲ್ಲಿ ಶೋನ್‌ಹಾಗೆ ಮತ್ತು ಸ್ಟ್ರಾಸನ್ ಇನ್ನೂ ವೇಗದ ವಿಧಾನ ಕೊಟ್ಟು, ಅಂಕಿಗಳ ಎಣಿಕೆಯನ್ನು ಅದರ ಲಾಗರಿದಮ್‌ನಿಂದ ಗುಣಿಸಿದಷ್ಟು ಹೆಜ್ಜೆ ಸಾಕಾಗಬಹುದೆಂದು ಊಹಿಸಿದರು. ಡೇವಿಡ್ ಹಾರ್ವೆ ಮತ್ತು ಯೋರಿಸ್ ವಾನ್ ಡರ್ ಹೂವೆನ್ ಅದನ್ನು 2019ರಲ್ಲಿ ಸಾಧಿಸಿ ತೋರಿಸಿದರು. ಅದ್ಭುತ ಸಾಧನೆ, ನಿಜ. ಆದರೆ ಅವರ ಪುರಾವೆಯಲ್ಲಿ ಹೊಸ ವಿಧಾನ ಶುರುವಾಗುವ ಸಂಖ್ಯೆಯ ಉದ್ದ ವಿಶ್ವದ ಅಣುಗಳ ಎಣಿಕೆಯನ್ನೂ ಎಷ್ಟೋ ಮೀರುತ್ತದೆ.

ಹೆಜ್ಜೆಗಳ ಬೆಳವಣಿಗೆಯನ್ನಷ್ಟೇ ಅಳೆದರೆ 2019ರದ್ದೇ ಮೇಲು. ಆ ಅಳತೆಗೋಲು ಸಾಲದು. ಅದು ಪ್ರತಿ ಹೆಜ್ಜೆಯ ಬೆಲೆಯನ್ನು ಮರೆಮಾಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಇಂದಿಗೂ ಸಣ್ಣ ಪೂರ್ಣಾಂಕಗಳಿಗೆ ಶಾಲೆಯ ವಿಧಾನವನ್ನೂ ದೊಡ್ಡವಕ್ಕೆ ಕರತ್ಸುಬಾ ವಿಧಾನವನ್ನೂ ಬಳಸುತ್ತದೆ. ಕೆಲಸಕ್ಕೆ ಬರುವುದರಲ್ಲಿಯೂ, ಹೊಸ ಯೋಚನೆಗೆ ಬಾಗಿಲು ತೆರೆದುದರಲ್ಲಿಯೂ ಆ ಯುವಕನ ಮೂರು ಗುಣಾಕಾರಗಳದ್ದೇ ಹಿರಿಮೆ.

ಕನಿಷ್ಠ ಎಷ್ಟು ಹೆಜ್ಜೆ ಬೇಕೇ ಬೇಕು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಗುಣಾಕಾರವು ಸಂಕಲನಕ್ಕಿಂತ ನಿಜಕ್ಕೂ ಕಷ್ಟವೇ ಎಂಬುದನ್ನು ಯಾರೂ ಇನ್ನೂ ಸಾಧಿಸಿಲ್ಲ.