ತಡೆದ ಚೆಂಡಿನ ಲೆಕ್ಕ

ಟರ್ಕಿಯ ಮಹಿಳಾ ಗೋಲ್‌ಬಾಲ್ ತಂಡ ಪ್ಯಾರಾಲಿಂಪಿಕ್ಸ್‌ನಲ್ಲಿ ಸತತ ಮೂರು ಚಿನ್ನ ಗೆದ್ದಿದೆ. 2016ರಲ್ಲಿ ರಿಯೊದಲ್ಲಿ ಚೀನಾವನ್ನು 4–1ರಿಂದ, ಕೊರೊನಾದಿಂದಾಗಿ 2021ಕ್ಕೆ ಮುಂದೆ ಹೋದ ಟೋಕಿಯೊ ಕೂಟದಲ್ಲಿ ಅಮೆರಿಕವನ್ನು 9–2ರಿಂದ, 2024ರಲ್ಲಿ ಪ್ಯಾರಿಸ್‌ನಲ್ಲಿ ಇಸ್ರೇಲನ್ನು 8–3ರಿಂದ ಮಣಿಸಿತು. ಮೂರು ಫೈನಲ್‌ಗಳಲ್ಲಿ ಹೊಡೆದದ್ದು 21 ಗೋಲು, ಬಿಟ್ಟುಕೊಟ್ಟದ್ದು 6. ಸುದ್ದಿ ಬರೆದವರೆಲ್ಲ ಆ ಇಪ್ಪತ್ತೊಂದರ ಬೆನ್ನು ಹತ್ತಿದರು. ನನಗೆ ಆರರ ಬಗ್ಗೆ ಹೇಳುವುದಿದೆ.

ಗೋಲ್‌ಬಾಲ್ ಅಂಧರ ಆಟ: ಎದುರಾಳಿ ಎಸೆದ ಗೆಜ್ಜೆ ಚೆಂಡನ್ನು ಸದ್ದು ಕೇಳಿಯೇ ಮೈಯೊಡ್ಡಿ ತಡೆಯಬೇಕು. ಮೊದಲು ಅಂಗಳದ ಅಳತೆ. ಉದ್ದ 18 ಮೀಟರ್, ಅಗಲ 9 ಮೀಟರ್. ಗೋಲು ಅಂಗಳದಷ್ಟೇ ಅಗಲ, ಅಂದರೆ ಅದೂ 9 ಮೀಟರ್, ಎತ್ತರ 1.3 ಮೀಟರ್. ಇದನ್ನು ಕಾಯುವವರು ಮೂವರೇ. ಕೈಕಾಲು ಪೂರ್ತಿ ಚಾಚಿ ಅಡ್ಡ ಮಲಗಿದರೂ ಒಬ್ಬಳು ಎರಡು ಮೀಟರಿನ ಮೇಲೆ ಸ್ವಲ್ಪ ಮುಚ್ಚಿಯಾಳು. ಮೂವರದೂ ಕೂಡಿಸಿದರೆ ಆರೂವರೆ, ಹೆಚ್ಚೆಂದರೆ ಏಳು ಮೀಟರ್. ಉಳಿದ ಎರಡು ಮೀಟರ್ ಯಾವಾಗಲೂ ತೆರೆದೇ ಇರುತ್ತದೆ. ಆ ತೆರಪು ಎಲ್ಲಿರಬೇಕು ಎಂಬುದನ್ನು ಗೆಜ್ಜೆಯ ಸದ್ದು ಕೇಳಿದ ಅರೆ ಕ್ಷಣದಲ್ಲಿ ಮೂವರೂ ಸೇರಿ ತೀರ್ಮಾನಿಸಬೇಕು. ಒಬ್ಬರನ್ನೊಬ್ಬರು ನೋಡುವಂತಿಲ್ಲ. ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ. ಅಪ್ಪಣೆ ಇಲ್ಲದೆ ಅದನ್ನು ಮುಟ್ಟಿದರೂ ಪೆನಾಲ್ಟಿ. ಪೆನಾಲ್ಟಿ ಬಿದ್ದರೆ ಇಡೀ ಒಂಬತ್ತು ಮೀಟರನ್ನು ಒಬ್ಬಳೇ ಕಾಯಬೇಕು.

ಒಳಗೆ ಗೆಜ್ಜೆ ತುಂಬಿದ ಚೆಂಡಿನ ತೂಕ 1.25 ಕೆ.ಜಿ., ಬ್ಯಾಸ್ಕೆಟ್‌ಬಾಲ್‌ನ ಎರಡರಷ್ಟು. ಅದು ಹೊಟ್ಟೆಗೋ ತೊಡೆಗೋ ಬಡಿದಾಗ ಏನಾಗುತ್ತದೆಂದು ವಿಡಿಯೊದಲ್ಲಿ ತಿಳಿಯುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ತಡೆದ ಮೇಲೂ ನೋವಿಗೆ ಬಿಡುವಿಲ್ಲ. ತಡೆದ ಚೆಂಡು ಹತ್ತು ಸೆಕೆಂಡಿನೊಳಗೆ ನಡುಗೆರೆ ದಾಟಬೇಕು. ಎದ್ದು, ಬೆರಳಿನಿಂದಲೋ ಪಾದದಿಂದಲೋ ಗೆರೆ ತಡಕಿ (ಗೆರೆಗಳ ಟೇಪಿನ ಕೆಳಗೆ ದಾರ ಹಾಸಿರುತ್ತಾರೆ), ತಾನು ಎಲ್ಲಿದ್ದೇನೆಂದು ಖಾತ್ರಿ ಮಾಡಿಕೊಂಡು, ಜೊತೆಗಾತಿಗೆ ಚೆಂಡು ದಾಟಿಸುವಷ್ಟರಲ್ಲಿ ನಾಲ್ಕೈದು ಸೆಕೆಂಡು ಮುಗಿದಿರುತ್ತದೆ. ಪ್ರೇಕ್ಷಕರು ಉಸಿರೆತ್ತುವಂತಿಲ್ಲ. ಗೋಲು ಬಿದ್ದಾಗಷ್ಟೇ ಕೂಗಾಟ, ರೆಫರಿ ‘ಕ್ವೈಟ್ ಪ್ಲೀಸ್’ ಎಂದೊಡನೆ ಮತ್ತೆ ಮೌನ.

ಇಂಥ ಆಟದಲ್ಲಿ ಟರ್ಕಿ ತನ್ನ ಹೆಚ್ಚಿನ ಭಾರವನ್ನು ಒಬ್ಬಳ ತೋಳಿನ ಮೇಲೆ ಹಾಕಿದೆ. ಸೆವ್ದಾ ಅಲ್ತುನೊಲುಕ್ ರಿಯೊ, ಟೋಕಿಯೊ ಎರಡರಲ್ಲೂ ಅತಿ ಹೆಚ್ಚು ಗೋಲು ಹೊಡೆದಾಕೆ. ಚೆಂಡು ಯಾರ ಕೈಯಿಂದ ಬರುತ್ತದೆಂದು ಎದುರಾಳಿಗೆ ಮೊದಲೇ ಗೊತ್ತಿರುತ್ತದೆ, ನೋಡುವವರಿಗಂತೂ ಗೊತ್ತೇ ಇದೆ. ತಂಡದ ಆಟವೊಂದು ಹೀಗೆ ಒಬ್ಬಳ ಸುತ್ತ ತಿರುಗುವುದು ರಸಭಂಗ ಅನ್ನಬಹುದು. ನನಗೂ ಕೆಲವೊಮ್ಮೆ ಹಾಗನ್ನಿಸಿದೆ. ಮೂರನೇ ಎಸೆತವೂ ಅವಳದೇ, ಆರನೆಯದೂ ಅವಳದೇ ಆದಾಗ ಕುತೂಹಲ ಸ್ವಲ್ಪ ಸಡಿಲಾಗುತ್ತದೆ. ಆದರೆ ಯಾರು ಎಸೆಯುತ್ತಾರೆಂದು ತಿಳಿದ ಮಾತ್ರಕ್ಕೆ ತಡೆಯುವುದು ಸುಲಭವಾಗುವುದಿಲ್ಲ. ಗೊತ್ತಾಗಬೇಕಾದದ್ದು ಎಲ್ಲಿಂದ, ಯಾವ ಕೋನದಲ್ಲಿ ಎಂಬುದು. ಚೆಂಡನ್ನು ಗೆಜ್ಜೆ ಅಲುಗದಂತೆ ಎದೆಗವಚಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಎದುರಿನ ಮೂವರ ಲೆಕ್ಕವೆಲ್ಲ ತಲೆಕೆಳಗು. ಎಸೆಯುವ ಹೊತ್ತಿನಲ್ಲಿ ಅವಳ ಕಡೆಯವರೇ ಬೇಕೆಂದು ಸದ್ದು ಮಾಡಿ ಎದುರಾಳಿಯ ಕಿವಿ ಕೆಡಿಸಿದರೆ ಅದಕ್ಕೂ ಪೆನಾಲ್ಟಿ ಇದೆ. ಹಾಗಾಗಿ ಇಲ್ಲಿ ಮೋಸಕ್ಕೆ ಉಳಿದಿರುವ ದಾರಿ ನಿಶ್ಶಬ್ದ ಒಂದೇ.

ಅವಳಿಗೆ ಆ ಹತ್ತು ಸೆಕೆಂಡು ಸಿಗುವುದು ಉಳಿದಿಬ್ಬರಿಂದ. ಮಧ್ಯದಲ್ಲಿ ಕಾಯುವಾಕೆ ಚೆಂಡನ್ನು ಬರೀ ತಡೆದರೆ ಸಾಲದು, ಅದು ಪುಟಿದು ಹೊರಗೆ ಹೋಗದಂತೆ ಮೈಯಲ್ಲೇ ನುಂಗಿಕೊಳ್ಳಬೇಕು. ಪುಟಿದ ಚೆಂಡನ್ನು ಅಟ್ಟಿಸಿಕೊಂಡು ಹೋಗುವುದರಲ್ಲೇ ಅರ್ಧ ಹೊತ್ತು ಕಳೆದರೆ ಎಷ್ಟು ಬಲದ ತೋಳಿದ್ದೂ ಫಲವಿಲ್ಲ. ಟರ್ಕಿಯ ತಂಡ ಉಳಿದವರಿಗಿಂತ ಮೇಲೆನ್ನಿಸುವುದು ನನಗೆ ಇಲ್ಲಿ. ಫೈನಲ್‌ನ ಒತ್ತಡದಲ್ಲಿ, ಹನ್ನೆರಡು ನಿಮಿಷಗಳ ಎರಡು ಅವಧಿಗಳಲ್ಲಿ, ಬಿಟ್ಟುಕೊಟ್ಟದ್ದು ಒಂದು, ಎರಡು, ಮೂರು ಗೋಲು. ಪ್ರತಿ ಕೂಟಕ್ಕೆ ಒಂದೊಂದು ಹೆಚ್ಚಾಗಿದೆ ಎಂದು ಕೊಂಕು ತೆಗೆಯಬಹುದು, ಆದರೂ ಈ ಮಟ್ಟದಲ್ಲಿ ಇದು ಬಿಗಿಯಾದ ಕಾವಲೇ. ಆ ಕಾವಲಿಗೆ ಸೆವ್ದಾಳೂ ಮಲಗುತ್ತಾಳೆ. ಎಸೆಯುವವಳಿಗೆಂದು ತಡೆಯುವ ಕೆಲಸದಿಂದ ವಿನಾಯಿತಿ ಇಲ್ಲ, ಎಸೆದ ಮರುಗಳಿಗೆಯಲ್ಲಿ ಹಿಂದಕ್ಕೆ ಓಡಿ ಬಂದು ನೆಲ ಹಿಡಿಯಬೇಕು.

ಈ ತಂಡದ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಜಪಾನಿನ 2012ರ ತಂಡ. ಲಂಡನ್ ಫೈನಲ್‌ನಲ್ಲಿ ಅದು ಚೀನಾವನ್ನು ಸೋಲಿಸಿದ್ದು 1–0ರಿಂದ. ಅಕಿಕೊ ಅದಾಚಿ ಹೊಡೆದ ಗೋಲೊಂದೇ. ಮಿಕ್ಕ ಹೊತ್ತೆಲ್ಲ ತಡೆಯುವುದೇ ಆಟ. ಆ ವರ್ಷ ಟರ್ಕಿಯ ಮಹಿಳೆಯರು ಪ್ಯಾರಾಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಮುಂದಿನ ಕೂಟಕ್ಕೆ ಮೊದಲ ಸಲ ಬಂದವರು ನೇರ ಚಿನ್ನಕ್ಕೇ ಕೈಹಾಕಿದರು. ಮತ್ತೆ ಮತ್ತೆ ನೋಡಲು ಯಾವ ಆಟ ಎಂದು ಕೇಳಿದರೆ ನಾನು ಆರಿಸಿಕೊಳ್ಳುವುದು ಈಗಲೂ ಜಪಾನಿನ ಆ ಪಂದ್ಯವನ್ನೇ. ಟರ್ಕಿಯ 9–2 ನೋಡುವಾಗ ಬೆರಗಾಗುತ್ತದೆ, ಆತಂಕವಾಗುವುದಿಲ್ಲ.

ಈ ಆಟಗಾರ್ತಿಯರ ಬಗ್ಗೆ ಬರೆಯುವವರಿಗೆ ಕತ್ತಲು, ಬೆಳಕು ಬಿಟ್ಟರೆ ಬೇರೆ ಮಾತೇ ಸಿಗುವುದಿಲ್ಲ. ‘ಕತ್ತಲನ್ನು ಗೆದ್ದ ವನಿತೆಯರು’ ಎಂದು ತಲೆಬರಹ ಕೊಟ್ಟರೆ ವಿಮರ್ಶೆ ಮುಗಿಯಿತು. ಸೋತ ಇಸ್ರೇಲಿನವರೂ ಅದೇ ಪಟ್ಟಿ ಕಟ್ಟಿಕೊಂಡು ಆಡಿದರಲ್ಲ, ಅವರನ್ನು ಗೆದ್ದವರು ಯಾರು? ಗೋಲ್‌ಬಾಲ್ ಕಣ್ಣಿದ್ದವರ ಆಟವೊಂದನ್ನು ತಿದ್ದಿ ಮಾಡಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆಂದೇ 1946ರಲ್ಲಿ ಅದನ್ನು ರೂಪಿಸಿದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ. ಅಳೆಯಲು ಬೇರೆ ಮೂಲ ಆಟವೇ ಇಲ್ಲದಿರುವಾಗ ಇದನ್ನು ಇದರ ಲೆಕ್ಕದಲ್ಲೇ ಅಳೆಯಬೇಕು.

ನಮ್ಮಲ್ಲಿ ಹೆಸರು ಮಾಡಿರುವುದು ಅಂಧರ ಕ್ರಿಕೆಟ್. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಮಹಿಳೆಯರ ಮೊದಲ ಅಂಧರ ಟಿ20 ವಿಶ್ವಕಪ್ ಗೆದ್ದ ಭಾರತಕ್ಕೆ ನಾಯಕಿ ಕರ್ನಾಟಕದ ಟಿ.ಸಿ. ದೀಪಿಕಾ. ಅಲ್ಲೂ ಸದ್ದು ಮಾಡುವ ಚೆಂಡೇ. ಆದರೆ ಕ್ರಿಕೆಟ್ ದೃಷ್ಟಿಯ ಅಂತರವನ್ನು ಒಪ್ಪಿಕೊಂಡು ಲೆಕ್ಕ ಹಾಕುತ್ತದೆ: ಪೂರ್ಣ ಅಂಧರ ವಿಭಾಗದವರು ಹೊಡೆದ ರನ್ನಿಗೆ ಎರಡರಷ್ಟು ಬೆಲೆ. ಗೋಲ್‌ಬಾಲ್ ಎಲ್ಲರ ಕಣ್ಣಿಗೂ ಪಟ್ಟಿ ಕಟ್ಟಿ ಅಂತರವನ್ನೇ ಅಳಿಸುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಆದರೂ ಹುಟ್ಟಿನಿಂದ ಏನೂ ಕಾಣದವಳೂ ಪಂದ್ಯ ಮುಗಿದ ಮೇಲೆ ಪಟ್ಟಿ ತೆಗೆದು ಅಷ್ಟಿಷ್ಟು ಕಾಣುವವಳೂ ಅಂಗಳದಲ್ಲಿ ನಿಜಕ್ಕೂ ಸಮಾನರೇ ಎಂದು ಕೇಳಿದರೆ ಗಟ್ಟಿಯಾಗಿ ಹೌದೆನ್ನಲಾರೆ. ಕಟ್ಟಿದ ಪಟ್ಟಿ ಒಂದೇ ಇರಬಹುದು, ಕಿವಿ ಪಳಗಿದ ವರ್ಷಗಳು ಬೇರೆ ಬೇರೆ.

ಟರ್ಕಿಗೆ ಮುಂದಿರುವುದು ಲಾಸ್ ಏಂಜಲೀಸ್, 2028. ಸೆವ್ದಾ ಒಂದಲ್ಲ ಒಂದು ದಿನ ಆಟ ನಿಲ್ಲಿಸಲೇಬೇಕು. ಆಮೇಲೆ ಈ ತಂಡ 9–2ರಿಂದ ಫೈನಲ್ ಗೆಲ್ಲುತ್ತದೆಂದು ನಾನು ನಂಬುವುದಿಲ್ಲ. 2–1ರಿಂದ ಗೆಲ್ಲಬಹುದು, ಹಾಗೆ ಗೆದ್ದರೆ, ಇಷ್ಟು ವರ್ಷ ಹೆಸರಿಲ್ಲದೆ ಅಡ್ಡ ಮಲಗಿದ ಹುಡುಗಿಯರ ಬಗ್ಗೆಯೂ ವರದಿಗಾರರು ನಾಲ್ಕು ಸಾಲು ಬರೆಯಬೇಕಾದೀತು.