ಸೆರೆಮನೆಯಿಂದ ಖಜಾನೆಗೆ

ರಾಯಚೂರು ನಗರ ಕ್ಷೇತ್ರದಿಂದ ವಿಧಾನಸಭೆಗೆ ನಿಲ್ಲುವವರು ತಮ್ಮ ಮೇಲೆ ಎಷ್ಟು ಕ್ರಿಮಿನಲ್ ಮೊಕದ್ದಮೆಗಳಿವೆ, ಯಾವುದರಲ್ಲಿ ಶಿಕ್ಷೆಯಾಗಿದೆ ಎಂದು ನಾಮಪತ್ರದ ಜೊತೆ ಪ್ರಮಾಣಪತ್ರ ಸಲ್ಲಿಸಬೇಕು. ಇದನ್ನು ತಿಳಿಯುವ ಹಕ್ಕು ಮತದಾರನಿಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. 2018ರ ತೀರ್ಪಿನ ನಂತರ ಆ ವಿವರ ಪತ್ರಿಕೆಗಳಲ್ಲೂ ಬರಬೇಕಾಯಿತು. ಇಂಥವರಿಗೇ ಟಿಕೆಟ್ ಕೊಟ್ಟಿದ್ದು ಏಕೆಂದು ಪಕ್ಷಗಳು ಕಾರಣ ಹೇಳಬೇಕೆಂದು 2020ರಲ್ಲಿ ಆದೇಶವಾಯಿತು. ಇದರಿಂದ ರಾಜಕೀಯ ಶುದ್ಧವಾಯಿತೆಂದು ಯಾರೂ ಹೇಳಲಾರರು. ಆದರೆ ತಿಳಿಯಬೇಕೆನ್ನುವವನಿಗೆ ಓದಲು ಒಂದು ಕಾಗದವಾದರೂ ಇದೆ.

ಅದೇ ನಗರದ ಮೊಹಲ್ಲಾಗಳಲ್ಲಿ, ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ಮಸೀದಿ ಕಮಿಟಿಗೋ ಅಂಜುಮನ್‌ಗೋ ಯತೀಮ್‌ಖಾನೆಗೋ ಸದರ್ ಆಗುವವರಿಗೆ ಆ ಕಾಗದದ ತೊಂದರೆಯಿಲ್ಲ. ಜುಮಾ ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಹೆಸರು ಹೇಳುತ್ತಾರೆ. "ಸಬ್ ಕೋ ಮಂಜೂರ್ ಹೈ ನಾ?" ಎಂದು ಕೇಳುತ್ತಾರೆ. ಮುಂದಿನ ಸಾಲಿನಿಂದ "ಮಂಜೂರ್" ಎಂಬ ದನಿ ಬರುತ್ತದೆ. ಮಂಜೂರಿಲ್ಲದವರು ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ. ಅವರ ಆಕ್ಷೇಪಣೆ ಹೋಟೆಲಿನಲ್ಲಿ ವಗ್ಗರಣಿ-ಮಿರ್ಚಿಯ ಮುಂದೆ ಮಂಡನೆಯಾಗುತ್ತದೆ. ಯಾರ ಮೇಲೆ ಯಾವ ಕೇಸಿತ್ತು, ಅಣ್ಣತಮ್ಮಂದಿರ ಹೊಲ ಯಾರ ಪಾಲಾಯಿತು, ಎಲ್ಲವೂ ಅಲ್ಲಿ ಗೊತ್ತು. ಮಸೀದಿಯೊಳಗೆ ಮಾತ್ರ ಯಾರಿಗೂ ಏನೂ ಗೊತ್ತಿಲ್ಲ.

ಈ ಮೌನಕ್ಕೆ ನಾವು ಕೊಡುವ ಹೆಸರು ಪರದಾಪೋಶಿ. ಸಹೋದರನ ಕುಂದನ್ನು ಮುಚ್ಚಬೇಕು, ಹಿಂದಿನಿಂದ ಆಡಿದರೆ ಗೀಬತ್ ಆಗುತ್ತದೆ ಎನ್ನುತ್ತೇವೆ. ಗೀಬತ್ ದೊಡ್ಡ ಪಾಪ, ನಿಜ. ಆದರೆ ಇದೇ ಉಮ್ಮತ್ ಹದೀಸ್ ವರದಿಗಾರರ ವಿಷಯದಲ್ಲಿ ಏನು ಮಾಡಿತು? ಸಾವಿರಾರು ಜನರ ಬದುಕನ್ನು ಶೋಧಿಸಿತು. ಇಂಥವನು ಸುಳ್ಳುಗಾರ, ಇಂಥವನ ನೆನಪು ದುರ್ಬಲ, ಇಂಥವನು ನಂಬಿಕಸ್ಥ ಎಂದು ಹೆಸರು ಹಿಡಿದು ಬರೆದಿಟ್ಟಿತು. 'ಜರ್ಹ್ ವ ತಅದೀಲ್' ಎಂಬ ಶಾಸ್ತ್ರವೇ ಹಾಗೆ ಬೆಳೆಯಿತು. ಇದು ಗೀಬತ್ ಅಲ್ಲವೇ ಎಂದು ಆಗಲೂ ಕೇಳಿದವರಿದ್ದರು. ದೀನಿನ ರಕ್ಷಣೆಗಾಗಿ ಹೇಳುವುದು ಗೀಬತ್ ಆಗುವುದಿಲ್ಲ ಎಂದು ವಿದ್ವಾಂಸರು ಉತ್ತರಿಸಿದರು. ಒಂದು ಮಾತನ್ನು ಒಪ್ಪಿಸುವ ಮುಂಚೆ ಅಷ್ಟು ವಿಚಾರಣೆ ಮಾಡಿದವರ ವಾರಸುದಾರರು ನಾವು. ಯತೀಮರ ದುಡ್ಡನ್ನು ಒಪ್ಪಿಸುವಾಗ ಏನನ್ನೂ ಕೇಳುವುದಿಲ್ಲ. ಹಝ್ರತ್ ಉಮರ್(ರ) ಅಧಿಕಾರಿಗಳನ್ನು ನೇಮಿಸುವಾಗಲೇ ಅವರ ಆಸ್ತಿಯ ಪಟ್ಟಿ ಬರೆಸಿಕೊಳ್ಳುತ್ತಿದ್ದರೆಂದು ಪ್ರತಿ ಜಲ್ಸಾದಲ್ಲೂ ಕೇಳುತ್ತೇವೆ. ಕೇಳಿ 'ಸುಬ್ಹಾನಲ್ಲಾಹ್' ಎನ್ನುತ್ತೇವೆ. ಅಲ್ಲಿಗೆ ಆಯಿತು.

ಇದಕ್ಕೆ ಪ್ರತಿಯಾಗಿ, ಜೈಲಿಗೆ ಹೋಗಿಬಂದವನು ಕಮಿಟಿಯ ಹತ್ತಿರವೇ ಸುಳಿಯಬಾರದು ಎನ್ನುವ ಕಡುಗೋಪದವರೂ ನಮ್ಮಲ್ಲಿದ್ದಾರೆ. ಅವರು ಸೂರಾ ಯೂಸುಫ್ ಅನ್ನು ಇನ್ನೊಮ್ಮೆ ಓದಬೇಕು. ಪ್ರವಾದಿ ಯೂಸುಫ್(ಅ) ಸೆರೆಮನೆಯಿಂದ ಬಂದು ಖಜಾನೆಯ ಹೊಣೆ ಹೊತ್ತವರು. ಬಂದ ರೀತಿ ಮುಖ್ಯ. ಕನಸಿನ ಅರ್ಥ ಹೇಳಿದ ಮೇಲೆ ಅರಸ ಕರೆಕಳಿಸಿದ. ವರ್ಷಗಟ್ಟಲೆ ಬಂಧನದಲ್ಲಿದ್ದವರು ಎದ್ದು ಹೊರಡಬಹುದಿತ್ತು, ಹೊರಡಲಿಲ್ಲ. ಕೈ ಕೊಯ್ದುಕೊಂಡ ಆ ಹೆಂಗಸರ ಸಂಗತಿಯೇನೆಂದು ಮೊದಲು ವಿಚಾರಿಸಿ ಬಾ ಎಂದು ದೂತನನ್ನು ವಾಪಸು ಕಳಿಸಿದರು. ವಿಚಾರಣೆ ನಡೆಯಿತು. ಹೆಂಗಸರು ಸಾಕ್ಷಿ ಹೇಳಿದರು, ಆರೋಪ ಹೊರಿಸಿದ ಅಝೀಝನ ಹೆಂಡತಿಯೇ ತಪ್ಪು ತನ್ನದೆಂದಳು. ಅದಾದ ಮೇಲಷ್ಟೇ ಯೂಸುಫ್(ಅ) ಹೊರಬಂದು, ಉಗ್ರಾಣಗಳನ್ನು ನನಗೆ ವಹಿಸು, ಕಾಯುವುದೂ ನನಗೆ ಗೊತ್ತು, ಕೆಲಸವೂ ಗೊತ್ತು ಎಂಬರ್ಥದ ಮಾತಾಡಿದರು. ರಾಜಾನುಗ್ರಹದಿಂದ ಹಳೆಯ ಕಡತ ಮುಚ್ಚಿಹೋಗುವುದನ್ನು ಅವರು ಒಪ್ಪಲಿಲ್ಲ. ನಿರಪರಾಧಿಯೇ ತನ್ನ ಕಡತವನ್ನು ತೆರೆಯಿರಿ ಎಂದು ಹಠ ಹಿಡಿದ ಕಥೆಯಿದು. ನಮ್ಮ ಸದರುಗಳು ಯಾವ ಕಡತಕ್ಕೆ ಹೆದರುತ್ತಾರೆ?

ನಿಝಾಮರ ಕಾಲದಲ್ಲಿ ನಮ್ಮ ಭಾಗದ ಮಸೀದಿ-ದರ್ಗಾಗಳು ಉಮೂರೆ ಮಝ್ಹಬಿ ಇಲಾಖೆಯ ಅಧೀನದಲ್ಲಿದ್ದವು. ಇನಾಮು ಜಮೀನಿನ ಮುಂತಖಬ್ ನೋಡಿದರೆ ಖಿದ್ಮತ್ ಯಾರಿಂದ ಯಾರಿಗೆ ಬಂತೆಂದು ತಿಳಿಯುತ್ತದೆ, ಮನುಷ್ಯ ಎಂಥವನೆಂದು ತಿಳಿಯುವುದಿಲ್ಲ. 1995ರ ವಕ್ಫ್ ಕಾಯ್ದೆಯ 64ನೇ ಕಲಮು ವಿಶ್ವಾಸದ್ರೋಹಕ್ಕೋ ನೈತಿಕ ಅಧಃಪತನದ ಅಪರಾಧಕ್ಕೋ ಶಿಕ್ಷೆಯಾದ ಮುತವಲ್ಲಿಯನ್ನು ತೆಗೆಯಬಹುದೆಂದಿತು. 2025ರ ತಿದ್ದುಪಡಿಯಲ್ಲಿ 50ಎ ಕಲಮು ಬಂತು. ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದವನು, ವಕ್ಫ್ ಆಸ್ತಿ ಒತ್ತುವರಿಯಲ್ಲಿ ತಪ್ಪಿತಸ್ಥನಾದವನು, ಹಿಂದೆ ಮುತವಲ್ಲಿ ಸ್ಥಾನದಿಂದ ವಜಾ ಆದವನು ಇನ್ನು ಮುತವಲ್ಲಿ ಆಗುವಂತಿಲ್ಲ. ಈ ತಿದ್ದುಪಡಿಯ ಬಹಳಷ್ಟು ಅಂಶಗಳಿಗೆ ಸಮುದಾಯದ ವಿರೋಧವಿದೆ, ನನಗೂ ಇದೆ. 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಕೆಲವಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತು. 50ಎ ಅದರಲ್ಲಿರಲಿಲ್ಲ. ಒತ್ತುವರಿದಾರನನ್ನು ದೂರವಿಡುವ ಕಲಮನ್ನು ನಾವೇ ಕೇಳಿ ಪಡೆಯಬೇಕಿತ್ತು, ಇನ್ನೊಬ್ಬರು ಬರೆದು ನಮ್ಮ ಮೇಲೆ ಹೇರುವಂತಾಯಿತು ಎಂಬುದೇ ನನಗೆ ಕಹಿ.

ಆದರೂ ಈ ಕಲಮು ಒರಟಾಗಿದೆ. ಎರಡು ವರ್ಷ ಶಿಕ್ಷೆಯಾದ ಶಾಸಕ ಬಿಡುಗಡೆಯ ನಂತರ ಆರು ವರ್ಷ ಕಳೆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು. ಮುತವಲ್ಲಿಗೆ ಅಂಥ ಗಡುವಿಲ್ಲ. ಇಪ್ಪತ್ತರ ಹರೆಯದಲ್ಲಿ ಬೀದಿ ಜಗಳಕ್ಕೆ ಸಿಕ್ಕಿಬಿದ್ದವನಿಗೂ ಬೈತುಲ್‌ಮಾಲ್ ನುಂಗಿದವನಿಗೂ ಒಂದೇ ಅಳತೆ. ಬ್ರಿಟನ್ನಿನಲ್ಲಿ ಇಂಥ ಅನರ್ಹತೆಯ ಪಟ್ಟಿ 2018ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೆ ಅನರ್ಹನಾದವನು ಚಾರಿಟಿ ಕಮಿಷನ್ ಮುಂದೆ ಹೋಗಿ ತನ್ನ ವಿಷಯ ವಿವರಿಸಿ ವಿನಾಯಿತಿ ಕೇಳಬಹುದು. 50ಎ ಕಲಮಿನಲ್ಲಿ ಆ ಬಾಗಿಲಿಲ್ಲ. ಇನ್ನು ರಸೀದಿ ಪುಸ್ತಕವೊಂದೇ ಆಧಾರವಾದ ಝಕಾತ್ ಫಂಡುಗಳು, ಕುರ್ಬಾನಿ ಚರ್ಮದ ದುಡ್ಡು ಕೂಡಿಸುವ ಗುಂಪುಗಳು ಈ ಕಾಯ್ದೆಯ ಕಣ್ಣಿಗೇ ಬೀಳುವುದಿಲ್ಲ.

ತೌಬಾ ಮಾಡಿದವನಿಗೆ ನಂಬಿಕೆ ವಾಪಸು ಬರುತ್ತದೆಯೇ ಎಂಬುದು ಹಳೆಯ ಚರ್ಚೆ. ಸೂರಾ ನೂರ್‌ನಲ್ಲಿ ಸುಳ್ಳು ಅಪವಾದ ಹೊರಿಸಿದವನ ಸಾಕ್ಷ್ಯವನ್ನು ತಿರಸ್ಕರಿಸಿ, ತೌಬಾ ಮಾಡಿ ಸುಧಾರಿಸಿದವನಿಗೆ ವಿನಾಯಿತಿ ಹೇಳಿದೆ. ಇಮಾಮ್ ಶಾಫಿಈ ಪ್ರಕಾರ ಆಮೇಲೆ ಸಾಕ್ಷ್ಯವೂ ಸ್ವೀಕಾರಾರ್ಹ. ನಮ್ಮ ಹನಫಿ ಪಂಥದಲ್ಲಿ ಪಾಪ ಕ್ಷಮೆಯಾಗುತ್ತದೆ, ಸಾಕ್ಷ್ಯ ಮಾತ್ರ ಸಲ್ಲುವುದಿಲ್ಲ. ಇಬ್ಬರೂ ಬಿಡದ ಮಾತೊಂದಿದೆ: ಸುಧಾರಿಸಿದ್ದು ಕಾಣಬೇಕು. ದಾರಿಗಳ್ಳರಾಗಿದ್ದ ಫುಝೈಲ್ ಇಬ್ನ್ ಇಯಾಝ್ ಸೂಫಿಯಾದ ಮೇಲೆ ತಾವು ದೋಚಿದವರನ್ನು ಹುಡುಕಿಕೊಂಡು ಹೋಗಿ ರಾಜಿಯಾದರೆಂದು ಅತ್ತಾರರು ಬರೆಯುತ್ತಾರೆ. ನಮ್ಮಲ್ಲಿ ಉಮ್ರಾ ಮಾಡಿಬಂದರೆ ಸಾಕು. ನುಂಗಿದ ದುಡ್ಡು ಮರಳಿತೇ ಎಂದು ಯಾರೂ ಕೇಳುವುದಿಲ್ಲ.

ಪೊಲೀಸ್ ದಾಖಲೆಯನ್ನೇ ನಂಬಿ ಕೂರುವುದೂ ಅಪಾಯ. ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬರನ್ನು 1994ರಲ್ಲಿ ಬಾಂಬ್ ಪ್ರಕರಣದಲ್ಲಿ ಬಂಧಿಸಿದರು. 2016ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಸುಮಾರು ಇಪ್ಪತ್ತೆರಡು ವರ್ಷ ಜೈಲಿನಲ್ಲೇ ಹೋಯಿತು. 'ಕೇಸಿತ್ತಾ?' ಎಂದಷ್ಟೇ ಕೇಳುವ ಕಮಿಟಿ ಇಂಥವರನ್ನು ಹೊರಗಿಡುತ್ತದೆ. ಇನ್ನೊಂದು ಬದಿಗೆ ನೋಡಿ: 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದ ಬೆಂಗಳೂರಿನ ಐಎಂಎ ಕಂಪನಿ ಸರ್ಕಾರಿ ಶಾಲೆಗೆ ನೆರವು ಕೊಟ್ಟು ಹೆಸರು ಗಳಿಸಿತ್ತು. ಹಲಾಲ್ ಹೂಡಿಕೆ ಎಂದು ನಂಬಿ ದುಡ್ಡಿಟ್ಟ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅಲ್ಲಿ ದಾನವೇ ಚಾರಿತ್ರ್ಯದ ಸರ್ಟಿಫಿಕೇಟು ಆಗಿತ್ತು.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯ ಮುತವಲ್ಲಿಯನ್ನು ನೆನೆಯಿರಿ. ಅದೇ ಕಥೆ ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004) ಆಯಿತು. ಗಂಡ ಕೈಬಿಟ್ಟ ಹೆಣ್ಣು ಮಕ್ಕಳೊಂದಿಗೆ ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ, ಮುತವಲ್ಲಿ ದಿನ ದೂಡುತ್ತಾನೆ. ಅವನ ಮೇಲೆ ಯಾವ ಎಫ್‌ಐಆರ್ ಇದ್ದೀತು? ಯಾವ ಠಾಣೆಗೆ ಹೋದರೂ ಅವನ ಹೆಸರು ಸ್ವಚ್ಛ. ಅವನನ್ನು ಬಲ್ಲವರು ಮೊಹಲ್ಲಾದ ಹೆಂಗಸರು. ಸದರನ್ನು ಆರಿಸುವ ಜುಮಾ ಸಾಲುಗಳಲ್ಲಿ ಅವರಿಲ್ಲ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಸದರ್, ಸೆಕ್ರೆಟರಿ, ಖಜಾಂಚಿ ಆಗಬಯಸುವವರು ತಮ್ಮ ಮೇಲಿದ್ದ, ಇರುವ ಮೊಕದ್ದಮೆ ಯಾವುದು, ಅದು ಏನಾಯಿತು, ಹಿಂದೆ ಯಾವ ಸಂಸ್ಥೆಯ ಹಣ ಕೈಯಲ್ಲಿತ್ತು, ಅದರ ಲೆಕ್ಕ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಉರ್ದು-ಕನ್ನಡ ಎರಡರಲ್ಲೂ ಬರೆದು ಮಸೀದಿಯ ಹಲಗೆಗೆ ಅಂಟಿಸಲಿ. ಖುಲಾಸೆಯಾಗಿದ್ದರೆ ಹಾಗೆಂದೇ ಬರೆಯಲಿ. ತೌಬಾ ಎನ್ನುವವರು ಯಾರಿಗೆ ಏನು ಹಿಂದಿರುಗಿಸಿದರೆಂದು ಬರೆಯಲಿ. ಎರಡು ಜುಮಾ ಅದು ಅಲ್ಲಿರಲಿ. ಆಕ್ಷೇಪಣೆಯಿದ್ದವರು, ಹೆಂಗಸರೂ ಸೇರಿ, ಸಹಿ ಹಾಕಿದ ಚೀಟಿ ಕೊಡಲಿ, ಉತ್ತರವೂ ಅದೇ ಹಲಗೆಯ ಮೇಲೆ ಬರಲಿ. ರಮಝಾನ್‌ಗೆ ಮುಂಚೆ ಇದನ್ನು ಮಾಡಿ ತೋರಿಸುವ ಮೊದಲ ಕಮಿಟಿ ರಾಯಚೂರಿನದೋ ಮಾನ್ವಿಯದೋ ದೇವದುರ್ಗದ್ದೋ, ನೋಡಬೇಕು.