ಥರ್ಮಾಕೋಲಿನ ಗ್ರಹಗಳು, ಆಗಸ್ಟ್‌ನ ನೆರಳು

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋದವರಿಗೆಲ್ಲ ಈ ಮಾದರಿ ಗೊತ್ತು: ಕಪ್ಪು ಬಳಿದ ಥರ್ಮಾಕೋಲು, ತಂತಿಗೆ ಸಿಕ್ಕಿಸಿದ ಎಂಟು ಉಂಡೆ. ಸೂರ್ಯ ಚೆಂಡಿನಷ್ಟು, ಭೂಮಿ ನಿಂಬೆಹಣ್ಣಿನಷ್ಟು, ನಡುವೆ ಒಂದು ಗೇಣು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಆ ದಿನ ರಾಷ್ಟ್ರೀಯ ಬಾಹ್ಯಾಕಾಶ ದಿನವಾದ ಮೇಲೆ ಪಕ್ಕದಲ್ಲಿ ರಟ್ಟಿನ ರಾಕೆಟ್ಟೂ ಬಂದು ನಿಂತಿದೆ. ಕೈಕೆಲಸವೇನೋ ಚೆಂದ, ಕಲಿಸುವುದು ಮಾತ್ರ ತಪ್ಪು.

ಒಂದು ಲಕ್ಷ ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಅಂತ ಹಿಡಿಯಿರಿ. ಸೂರ್ಯ 14 ಸೆಂ.ಮೀ. ಅಗಲದ ಚೆಂಡು, ಭೂಮಿ ಒಂದು ಸಾಸಿವೆ ಕಾಳು, ಅದೂ 15 ಮೀಟರ್ ಆಚೆ. ಗುರು ಒಂದು ಗೋಲಿ, 78 ಮೀಟರ್ ದೂರ. ತೊಗರಿ ಕಾಳಿನಷ್ಟಿರುವ ನೆಪ್ಚೂನ್ 450 ಮೀಟರಿನಲ್ಲಿ. ಗಂಗಾವತಿ ಸೀಮೆಯ ಮರಳಿಯಂಥ ಊರಲ್ಲಿ ಇದಕ್ಕೆ ಶಾಲೆಯಂಗಳ ಸಾಲದು, ಭತ್ತದ ಗದ್ದೆಯ ಬದು ಹಿಡಿದು ನಡೆಯಬೇಕು. ಖರ್ಚು ಸೊನ್ನೆ. ಗ್ರಹಗಳು ಒಂದೇ ಸಾಲಿನಲ್ಲಿ ನಿಂತಿವೆಯೆಂಬ ಭ್ರಮೆ ಮಾತ್ರ ಇದರಲ್ಲೂ ಅಳಿಯದು.

ನನ್ನ ಮತ ನೆರಳು ಅಳೆಯಲು ನೆಟ್ಟಗೆ ನಿಲ್ಲಿಸಿದ ಕೋಲಿಗೆ. ಆದರೆ ಬೇರೆ ಊರಿಗೆ ಬರೆದ ಸೂಚನೆಯನ್ನು ಹಾಗೇ ಪಾಲಿಸಿದರೆ ಅದೂ ಕೆಡುತ್ತದೆ. ‘ಮಧ್ಯಾಹ್ನ 12ಕ್ಕೆ ನೆರಳು ಅಳೆಯಿರಿ’ ಅನ್ನುತ್ತಾರೆ. ಗಂಗಾವತಿ ಸೀಮೆಯಲ್ಲಿ ಆಗಸ್ಟ್‌ನಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು 12 ಗಂಟೆ 29 ನಿಮಿಷದ ಆಸುಪಾಸಿಗೆ. ನಡುಹಗಲು ಕೋಲಿಗೆ ನೆರಳೇ ಬೀಳದ ಶೂನ್ಯ ನೆರಳಿನ ದಿನವೂ ಹಾಗೆಯೇ, ಊರಿಂದೂರಿಗೆ ಬೇರೆ. ಬೆಂಗಳೂರಿನ ಫೋಟೋಗಳು ಏಪ್ರಿಲ್ 24ರ ಸುಮಾರಿಗೆ ಬರುತ್ತವೆ. ಇಲ್ಲಿ ಅದು ಮೇ ಮೊದಲ ವಾರ, ಶಾಲೆಗೆ ರಜೆ. ಉಳಿಯುವುದು ಅದು ಎರಡನೇ ಸಲ ಬರುವ ಆಗಸ್ಟ್ 10, 11. ಮಳೆಗಾಲದ ಮೋಡ ಅಡ್ಡ ಬಂದರೆ ಮಾಸ್ತರರಿಂದ ಏನೂ ಮಾಡಲಾಗದು. ಅದಕ್ಕೇ ಒಂದು ದಿನದ ಹಬ್ಬ ಮಾಡುವ ಬದಲು ಜುಲೈನಿಂದಲೇ ವಾರಕ್ಕೊಮ್ಮೆ ಅಳೆದು ಬರೆದಿಡುವುದು ಮೇಲು.

ಈ ಅಳತೆಯ ನಿಜವಾದ ಸೊಗಸಿರುವುದು ಆಗಸ್ಟ್ 18ಕ್ಕೆ. ಅಂದು ಬೆಂಗಳೂರಿನ ಕೋಲಿಗೆ ನೆರಳಿಲ್ಲ, ಮರಳಿಯ ಒಂದು ಮೀಟರ್ ಕೋಲಿಗೆ ಉತ್ತರಕ್ಕೆ ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು ನೆರಳು, ಅಂದರೆ ಎರಡೂವರೆ ಡಿಗ್ರಿ. ಎರಡೂ ಊರಿಗೆ ಉತ್ತರ-ದಕ್ಷಿಣವಾಗಿ ಸುಮಾರು 275 ಕಿ.ಮೀ. ಅಂತರ. ಎರಡೂವರೆ ಡಿಗ್ರಿಗೆ ಇಷ್ಟಾದರೆ ಪೂರ್ತಿ ಸುತ್ತಿಗೆ ಎಷ್ಟೆಂದು ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಹತ್ತಿರಕ್ಕೆ ಬರುತ್ತದೆ. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈಜಿಪ್ತಿನಲ್ಲಿ ಮಾಡಿದ ಲೆಕ್ಕ ಇದೇ. ಬೆಂಗಳೂರಿನ ಒಂದು ಶಾಲೆಗೆ ಫೋನು ಹಚ್ಚಿದರೆ ಸಾಕು.

ತೊಡಕಿಲ್ಲವೆಂದಲ್ಲ. ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಭೂಮಿಯ ಸುತ್ತಳತೆ ಸುಮಾರು ಐದು ಸಾವಿರ ಕಿ.ಮೀ. ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಕೋಲು ಉದ್ದ ಮಾಡಿದರೆ ನೆರಳಿನ ತುದಿಯೇ ಮಸುಕಾಗುತ್ತದೆ. ಇದಕ್ಕೇನು ಉಪಾಯ ಅಂತ ಎಂಟನೇ ತರಗತಿಯವರು ಬಿಸಿಲಲ್ಲಿ ನಿಂತು ಜಗಳಾಡಲಿ, ಅಕ್ಕೋರು ಉತ್ತರ ಹೇಳುವ ಆತುರ ಮಾಡದಿದ್ದರಾಯಿತು.